ಬಿಸಿ ಒಂದು ಮೂಲೆ, ಬೆಳಕು ಇನ್ನೊಂದು ಮೂಲೆ: ಒಂದು ಬಿಯರ್ಡೆಡ್ ಡ್ರ್ಯಾಗನ್ ಗೂಡಿನ ಪ್ರಕರಣ

ಹಿನ್ನೆಲೆ

ಈ ಪ್ರಕರಣದ ಪ್ರಾಣಿ ಏಳು ತಿಂಗಳ ಗಂಡು ಬಿಯರ್ಡೆಡ್ ಡ್ರ್ಯಾಗನ್. ಮೂತಿಯಿಂದ ಬಾಲದ ತುದಿಯವರೆಗೆ 38 ಸೆಂ.ಮೀ., ತೂಕ 190 ಗ್ರಾಂ. ಪೊಗೊನಾ ವಿಟಿಸೆಪ್ಸ್ ಎಂಬ ಈ ಜಾತಿ ಆಸ್ಟ್ರೇಲಿಯಾದ ಒಳನಾಡಿನ ಒಣ ಪ್ರದೇಶದ್ದು. ಪೂರ್ತಿ ಬೆಳೆದಾಗ 45ರಿಂದ 60 ಸೆಂ.ಮೀ. ಮುಟ್ಟುತ್ತದೆ. ಓತಿಕ್ಯಾತಗಳ ಕುಟುಂಬಕ್ಕೇ ಸೇರಿದ್ದರಿಂದ ಮುಂದೆ ಇದನ್ನು ಓತಿ ಎಂದೇ ಕರೆದಿದೆ. ಸಾಕಿದವರ ಮತ್ತು ವೈದ್ಯರ ಗುರುತು ಹೇಳುವ ವಿವರಗಳನ್ನು ಬಿಟ್ಟು, ಗೂಡಿಗೆ ಸಂಬಂಧಿಸಿದ್ದನ್ನಷ್ಟೇ ಇಟ್ಟುಕೊಂಡಿದೆ.

ಗೂಡು ಬಂದದ್ದು ಎಲ್ಲ ಸಾಮಾನು ಸೇರಿದ ಸಿದ್ಧ ಕಿಟ್ ಆಗಿ. 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರದ ಗಾಜಿನ ಪೆಟ್ಟಿಗೆ, ಮೇಲೆ ಸಣ್ಣ ಕಣ್ಣಿನ ಜಾಲರಿ ಮುಚ್ಚಳ. ಮುಚ್ಚಳದ ಎಡ ತುದಿಯಲ್ಲಿ 75 ವ್ಯಾಟಿನ ಬಿಸಿ ಬಲ್ಬ್, ಬಲ ತುದಿಯಲ್ಲಿ ಸುರುಳಿಯಾಕಾರದ ಯುವಿಬಿ (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಒಂದು ಬಗೆಯ ನೇರಳಾತೀತ ಕಿರಣ) ಬಲ್ಬ್. ನೆಲಕ್ಕೆ ನಾಲ್ಕು ಸೆಂ.ಮೀ. ದಪ್ಪ ಕ್ಯಾಲ್ಸಿಯಂ ಮರಳು. ಪೆಟ್ಟಿಗೆಯ ಎಡ ಅರ್ಧದ ತಳಕ್ಕೆ ಅಂಟಿಸಿದ ಹೀಟ್ ಮ್ಯಾಟ್, ಅದಕ್ಕೆ ಶಾಖವನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲ. ಬಿಸಿ ಬಲ್ಬಿನ ಕೆಳಗೊಂದು ದಿಮ್ಮಿ, ಹಿಂಬದಿಯ ಗಾಜಿಗೆ ಬಲಕ್ಕೆ ಅಂಟಿಸಿದ ಮುಳ್ಳಿನ ಥರ್ಮಾಮೀಟರ್. ಟೈಮರ್ ದಿನಕ್ಕೆ 12 ಗಂಟೆ ದೀಪ ಉರಿಸುತ್ತಿತ್ತು. ಸಾಮಾನಿನ ಪಟ್ಟಿ ಇಟ್ಟುಕೊಂಡು ನೋಡಿದರೆ ಏನೂ ಕೊರತೆಯಿರಲಿಲ್ಲ.

ಸಮಸ್ಯೆ

ಆರೇಳು ವಾರಗಳಿಂದ ಓತಿಯ ಹಸಿವು ಇಳಿಯುತ್ತಾ ಬಂದಿತ್ತು. ಬೆಳಿಗ್ಗೆ ದಿಮ್ಮಿಯ ಮೇಲೆ ಕೂತರೆ ಏಳುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಜನ್ನು ಕೆರೆಯಲು ಶುರು, ಗಡ್ಡದಂತಿರುವ ಗಂಟಲ ಚರ್ಮ ಕಪ್ಪಾಗುವುದು, ಆಮೇಲೆ ಬಲ ತುದಿಗೆ ಹೋಗಿ ಬಾಯಿ ತೆರೆದುಕೊಂಡು ಕೂರುವುದು. ಮಲವಿಸರ್ಜನೆ ಎಂಟು ದಿನಕ್ಕೊಮ್ಮೆ. ಥರ್ಮಾಮೀಟರಿನ ಮುಳ್ಳು ಮಾತ್ರ 32 ಡಿಗ್ರಿ ಬಿಟ್ಟು ಕದಲುತ್ತಿರಲಿಲ್ಲ.

ಇಲ್ಲಿ ಒಂದು ಸುಳಿವು ಎಲ್ಲರ ಕಣ್ಣು ತಪ್ಪಿತ್ತು. ಬಿಸಿ ಬಲ್ಬಿನ ಕೆಳಗೆ ಓತಿ ಬಾಯಿ ತೆರೆದು ಕೂರುವುದು ಸಹಜ, ಹೆಚ್ಚಾದ ಶಾಖವನ್ನು ಅದು ಹೊರಹಾಕುವ ಬಗೆಯೇ ಹಾಗೆ. ತಂಪು ತುದಿಗೆ ಬಂದ ಮೇಲೂ ಬಾಯಿ ಮುಚ್ಚದಿದ್ದರೆ ಆ ತುದಿ ತಂಪಾಗಿಲ್ಲ ಎಂದೇ ಅರ್ಥ.

ಮೊದಲ ಪ್ರಯತ್ನಗಳು

ತಿನ್ನುತ್ತಿಲ್ಲ, ಅರಗುತ್ತಿಲ್ಲ, ಹಾಗಾದರೆ ಶಾಖ ಸಾಲದು ಎಂದು ಮನೆಯವರು ಲೆಕ್ಕ ಹಾಕಿದರು. ತರ್ಕ ಪೂರ್ತಿ ತಪ್ಪೇನಲ್ಲ: ಮೈ ಕಾಯದೆ ಓತಿಗೆ ಆಹಾರ ಅರಗುವುದಿಲ್ಲ. 75 ವ್ಯಾಟ್ ತೆಗೆದು 100 ವ್ಯಾಟ್ ಹಾಕಿದರು. ಎರಡೇ ದಿನದಲ್ಲಿ ಓತಿ ದಿಮ್ಮಿ ಬಿಟ್ಟು ಬಲ ಮೂಲೆಗೆ ಒತ್ತಿಕೊಂಡಿತು, ಗಾಜು ಕೆರೆಯುವುದು ಇಮ್ಮಡಿಯಾಯಿತು. ಮುಳ್ಳು 34 ತೋರಿಸಿತು. ಅವರು ಹಳೆಯ ಬಲ್ಬಿಗೇ ಮರಳಿದರು.

ಆಮೇಲೆ ರಾತ್ರಿ ಚಳಿಯಾಗುತ್ತಿರಬಹುದೆಂದು ಕೆಂಪು ಬಲ್ಬ್ ಬಂತು. ಕೆಂಪು ಬೆಳಕು ಓತಿಗೆ ಕಾಣುವುದಿಲ್ಲ ಎಂಬ ನಂಬಿಕೆ ಇನ್ನೂ ಚಾಲ್ತಿಯಲ್ಲಿದೆ. ಅದಕ್ಕೆ ಚೆನ್ನಾಗಿಯೇ ಕಾಣುತ್ತದೆ. ನಿದ್ದೆ ಕೆಟ್ಟಿತು. ಹುಳುಗಳಿಗೆ ಉದುರಿಸುವ ಕ್ಯಾಲ್ಸಿಯಂ ಪುಡಿಯನ್ನು ಪ್ರತಿ ಊಟಕ್ಕೂ ಹೆಚ್ಚಿಸಿದರು. ಡಿ3 ಜೀವಸತ್ವ ಸಾಲದಿದ್ದರೆ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುವುದೇ ಕಡಿಮೆ, ಆದ್ದರಿಂದ ಪುಡಿಯಿಂದಲೂ ಹೆಚ್ಚಿನ ಪ್ರಯೋಜನವಾಗಲಿಲ್ಲ. ಕಾಲ್ಬೆರಳುಗಳು ಸಣ್ಣಗೆ ನಡುಗುವುದು, ದಿಮ್ಮಿ ಹತ್ತುವಾಗ ಜಾರುವುದು ಕಂಡ ಮೇಲೆ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ ಹೋದರು.

ಎಕ್ಸ್-ರೇಯಲ್ಲಿ ತೊಡೆಮೂಳೆಗಳ ಹೊರಪದರ ತೆಳುವಾಗಿತ್ತು, ಬಲ ಮುಂಗಾಲು ಸ್ವಲ್ಪ ಬಾಗಿತ್ತು. ಮುರಿತವಿರಲಿಲ್ಲ. ಕರುಳಿನಲ್ಲಿ ನುಂಗಿದ ಮರಳು ಬೆಳ್ಳಗೆ ಕಾಣಿಸಿತು. ಮೂಳೆ ಮೆತ್ತಗಾಗುವ ಕಾಯಿಲೆಯ ಆರಂಭ ಇದು. ಬಾಯಿಗೆ ಹಾಕುವ ದ್ರವರೂಪದ ಕ್ಯಾಲ್ಸಿಯಂ ಬರೆದುಕೊಟ್ಟು ವೈದ್ಯರು ಎರಡು ಪ್ರಶ್ನೆ ಕೇಳಿದರು. ಓತಿ ದಿನವಿಡೀ ಕೂರುವುದು ಎಲ್ಲಿ? ಯುವಿಬಿ ಬೀಳುವುದು ಎಲ್ಲಿ? ಎರಡಕ್ಕೂ ಉತ್ತರ ಬೇರೆಬೇರೆ ಎಂದು ಮನೆಯವರಿಗೆ ಹೊಳೆದದ್ದು ಆಗಲೇ.

ಅಳತೆ ತೋರಿಸಿದ್ದು

ಮನೆಗೆ ಬಂದ ಮೇಲೆ ಬೇಗನೇ ನಾಲ್ಕು ಕೆಲಸ ಮುಗಿದವು. ಹೀಟ್ ಮ್ಯಾಟಿನ ಪ್ಲಗ್ ಕಿತ್ತರು, ಕೆಂಪು ಬಲ್ಬ್ ತೆಗೆದರು, ಮರಳನ್ನೆಲ್ಲ ತೋಡಿ ಪೇಪರ್ ಟವೆಲ್ ಹಾಸಿದರು, ಯುವಿಬಿ ಬಲ್ಬನ್ನು ಬಿಸಿ ಬಲ್ಬಿನ ಪಕ್ಕಕ್ಕೆ ಸರಿಸಿದರು. ಆದರೆ ಇವೆಲ್ಲಕ್ಕೂ ಮುಂಚೆ ಇದ್ದ ಸ್ಥಿತಿಯಲ್ಲೇ ಒಂದು ದಿನದ ಅಳತೆ ತೆಗೆದುಕೊಂಡದ್ದು ಜಾಣತನ. ಹಾಗೆ ಮಾಡದಿದ್ದರೆ ಯಾವುದು ಕೆಟ್ಟಿತ್ತು ಎಂಬುದು ಕಡೆಯವರೆಗೂ ಊಹೆಯಾಗಿಯೇ ಉಳಿಯುತ್ತಿತ್ತು.

ಮೇಲ್ಮೈ ಶಾಖಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್, ಗಾಳಿಯ ಶಾಖಕ್ಕೆ ತಂತಿ ಇರುವ ಡಿಜಿಟಲ್ ಥರ್ಮಾಮೀಟರ್, ಯುವಿ ಸೂಚ್ಯಂಕಕ್ಕೆ (ಬೀಳುವ ಯುವಿಯ ತೀವ್ರತೆಯ ಅಳತೆ) ಎರವಲು ತಂದ ಮೀಟರ್. ದೀಪ ಹೊತ್ತಿದ ಮೂರು ಗಂಟೆಯ ನಂತರ ದಿಮ್ಮಿಯ ಮೇಲ್ಮೈ 47 ಡಿಗ್ರಿ, ನಡುವಿನ ಮರಳು 36, ಬಲ ತುದಿಯ ಮರಳು 33. ರಾತ್ರಿ ಬಲ್ಬ್ ಆರಿದ ಮೇಲೂ ಮ್ಯಾಟಿನ ಮೇಲೆ ಮರಳನ್ನು ಬಗೆದರೆ ಕೆಳಗೆ 44. ಓತಿಗಳು ಶಾಖವನ್ನು ಮೇಲಿನಿಂದ ಬರುವ ಬೆಳಕಿನ ಜೊತೆ ಹುಡುಕುತ್ತವೆ. ಹೊಟ್ಟೆಯಡಿಯ ಬಿಸಿಯಿಂದ ಎದ್ದು ಹೋಗದೆ ಸುಟ್ಟುಕೊಳ್ಳುವ ಓತಿಗಳು ವೈದ್ಯರಿಗೆ ಹೊಸತಲ್ಲ.

ಮುಳ್ಳಿನ ಥರ್ಮಾಮೀಟರಿನ 32 ಸುಳ್ಳಾಗಿರಲಿಲ್ಲ. ಅದು ತಾನಿದ್ದ ಗೋಡೆಯ ಬಳಿಯ ಗಾಳಿಯನ್ನು ಹೇಳುತ್ತಿತ್ತು, ಓತಿಯ ಬೆನ್ನಿಗೂ ಅದಕ್ಕೂ ಸಂಬಂಧವಿರಲಿಲ್ಲ. ಈ ಜಾತಿಗೆ ಬಿಸಿಲು ಕಾಯುವ ಜಾಗದ ಮೇಲ್ಮೈ 38ರಿಂದ 42 ಡಿಗ್ರಿ, ತಂಪು ತುದಿ 24ರಿಂದ 27 ಇರಬೇಕು. 90 ಸೆಂ.ಮೀ. ಪೆಟ್ಟಿಗೆಯಲ್ಲಿ ಬಿಸಿ ತುದಿಯನ್ನು ಸರಿಯಾಗಿ ಕಾಯಿಸಿದರೆ ತಂಪು ತುದಿಯೂ ಕಾಯುತ್ತದೆ. ಓತಿ ಗಾಜು ಕೆರೆದದ್ದು ಹೊರಗೆ ಹೋಗುವ ಹಟದಿಂದಲ್ಲ, ಶಾಖದಿಂದ ತಪ್ಪಿಸಿಕೊಳ್ಳಲು ಒಳಗೆ ಜಾಗವೇ ಇರಲಿಲ್ಲ.

ಯುವಿ ಅಳತೆ ಇನ್ನೂ ಕೆಟ್ಟದಾಗಿತ್ತು. ದಿಮ್ಮಿಯ ಮೇಲೆ, ಓತಿಯ ಬೆನ್ನಿನ ಮಟ್ಟದಲ್ಲಿ, ಸೂಚ್ಯಂಕ 0.3. ಸುರುಳಿ ಬಲ್ಬಿನ ನೇರ ಕೆಳಗೆ, ಜಾಲರಿಯಿಂದ ಐದು ಸೆಂ.ಮೀ. ಅಂತರದಲ್ಲಿ 2.0 ಇದ್ದದ್ದು ನೆಲದ ಹತ್ತಿರ 0.5ಕ್ಕೆ ಇಳಿದಿತ್ತು. ಬಿಯರ್ಡೆಡ್ ಡ್ರ್ಯಾಗನ್ ಬಿಸಿಲು ಕಾಯುವಾಗ 3ರಿಂದ 5ರ ನಡುವೆ ಸಿಗಬೇಕು. ಸುರುಳಿ ಬಲ್ಬಿನ ವ್ಯಾಪ್ತಿಯೇ ಕಿರಿದು, ಅದರ ಮೇಲೆ ಸಣ್ಣ ಕಣ್ಣಿನ ಜಾಲರಿ ಮೂರನೇ ಒಂದು ಭಾಗವನ್ನೋ ಅದಕ್ಕಿಂತ ಹೆಚ್ಚನ್ನೋ ತಡೆಯುತ್ತದೆ. ಕಿಟಕಿಯ ಬಳಿ ಇಟ್ಟಿದ್ದೇವಲ್ಲ ಎಂದು ಮನೆಯವರು ಕೇಳಿದ್ದರು. ಕಿಟಕಿ ಗಾಜಿನೊಳಗಿಂದ ಯುವಿಬಿ ಬಾರದು, ಬರುವುದು ಶಾಖ ಮಾತ್ರ. ಮುಚ್ಚಿದ ಗಾಜಿನ ಪೆಟ್ಟಿಗೆಗೆ ಆ ಶಾಖ ಅಪಾಯವೂ ಹೌದು.

ಎಲ್ಲಕ್ಕಿಂತ ಮುಖ್ಯವಾದದ್ದು ಎರಡು ಬಲ್ಬುಗಳ ನಡುವಿನ ಅರವತ್ತು ಸೆಂ.ಮೀ. ಅಂತರ. 290ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಯುವಿಬಿ ಚರ್ಮದಲ್ಲಿ ಡಿ3ಯ ಪೂರ್ವರೂಪವನ್ನು ಹುಟ್ಟಿಸುತ್ತದೆ. ಆ ಪೂರ್ವರೂಪ ಡಿ3 ಆಗಿ ಬದಲಾಗಲು ಮೈಯ ಶಾಖ ಬೇಕು. ಬಯಲಲ್ಲಿ ಬೆಳಕು, ಶಾಖ, ಯುವಿ ಮೂರೂ ಸೂರ್ಯನಿಂದ ಒಂದೇ ಬೆನ್ನಿನ ಮೇಲೆ ಬೀಳುತ್ತವೆ. ಈ ಪೆಟ್ಟಿಗೆಯಲ್ಲಿ ಅವನ್ನು ಎರಡು ಮೂಲೆಗೆ ಹಂಚಿಟ್ಟಿತ್ತು. ಓತಿ ಬಿಸಿಯನ್ನು ಆರಿಸಿಕೊಂಡಿತು. ಯಾವ ಓತಿಯಾದರೂ ಅದನ್ನೇ ಆರಿಸಿಕೊಳ್ಳುತ್ತದೆ.

ಹೊಸ ಗೂಡು

ಹಳೆಯ ಪೆಟ್ಟಿಗೆಯಲ್ಲೇ ಬಲ್ಬ್ ಬದಲಿಸಿ ಮುಂದುವರಿಯುವುದೋ, ದೊಡ್ಡದಕ್ಕೆ ಹೋಗುವುದೋ ಎಂಬ ಚರ್ಚೆ ನಡೆಯಿತು. ತಾಪದ ಇಳಿಜಾರು, ಅಂದರೆ ಒಂದು ತುದಿಯ ಬಿಸಿ ಇನ್ನೊಂದು ತುದಿಗೆ ಹೋಗುತ್ತಾ ತಂಪಾಗುವುದು, 90 ಸೆಂ.ಮೀ.ನಲ್ಲಿ ಸಿಗದು ಎಂಬುದನ್ನು ಅಳತೆಯೇ ಹೇಳಿದ್ದರಿಂದ ಎರಡನೆಯದು ಗೆದ್ದಿತು. 120 ಉದ್ದ, 60 ಅಗಲ, 60 ಎತ್ತರದ ಮರದ ಹಲಗೆಯ ಪೆಟ್ಟಿಗೆ, ಮುಂದೆ ಸರಿಯುವ ಗಾಜಿನ ಬಾಗಿಲು. ಬೆಳೆದ ಓತಿಗೆ ಇದು ಕನಿಷ್ಠ ಅಳತೆ, ಐಷಾರಾಮವಲ್ಲ. ಮೂರು ಬದಿ ಮುಚ್ಚಿದ್ದರೆ ಓತಿಗೆ ತನ್ನದೇ ಪ್ರತಿಬಿಂಬದ ಕಾಟ ಕಡಿಮೆ. ಬಾಗಿಲು ಮುಂದಿದ್ದರೆ ಕೈ ಮೇಲಿನಿಂದ ಎರಗುವುದಿಲ್ಲ. ಮೇಲಿನಿಂದ ಬರುವುದೆಲ್ಲ ಓತಿಗೆ ಹದ್ದೇ.

ಒಳಗಿನ ಸಂದುಗಳಿಗೆ ಅಕ್ವೇರಿಯಂ ಸಿಲಿಕೋನ್ ಹಚ್ಚಿ, ಹುಳಿವಾಸನೆ ಪೂರ್ತಿ ಹೋಗುವವರೆಗೆ ಪೆಟ್ಟಿಗೆಯನ್ನು ಬಾಗಿಲು ತೆರೆದೇ ಇಟ್ಟರು. ಗಾಳಿಗಿಂಡಿ ತಂಪು ಬದಿಯಲ್ಲಿ ಕೆಳಗೆ, ಬಿಸಿ ಬದಿಯಲ್ಲಿ ಮೇಲೆ. ಬಿಸಿ ಗಾಳಿ ಮೇಲೇರಿ ಹೊರಹೋದಂತೆ ತಂಪು ಗಾಳಿ ಕೆಳಗಿನಿಂದ ಒಳಬರುತ್ತದೆ.

ಒಳಗಿನ ಜೋಡಣೆಗೆ ಒಂದು ಕ್ರಮವಿತ್ತು, ಆ ಕ್ರಮದಲ್ಲೇ ಹೆಚ್ಚಿನ ಲಾಭವಿದೆ. ಸಾಮಾನ್ಯವಾಗಿ ಜನ ಕೊಂಬೆ, ಕಲ್ಲು ಜೋಡಿಸಿ ಚೆಂದ ನೋಡಿ ಆಮೇಲೆ ದೀಪಕ್ಕೆ ಜಾಗ ಹುಡುಕುತ್ತಾರೆ. ಇಲ್ಲಿ ಮೊದಲು ನಿಶ್ಚಯವಾದದ್ದು ಬೆನ್ನಿಗೂ ಯುವಿ ಟ್ಯೂಬಿಗೂ ಇರಬೇಕಾದ ದೂರ. 12 ಶೇಕಡಾ ಯುವಿಬಿಯ, 24 ವ್ಯಾಟಿನ, ಸುಮಾರು 55 ಸೆಂ.ಮೀ. ಉದ್ದದ ಟಿ5 ಎಚ್‌ಒ (ತೆಳುವಾದ, ಹೆಚ್ಚು ಪ್ರಖರತೆಯ) ಟ್ಯೂಬನ್ನು ಪ್ರತಿಫಲಕದ ಜೊತೆ ಪೆಟ್ಟಿಗೆಯ ಒಳಗೇ ಚಾವಣಿಗೆ ಬಿಗಿದರು, ಬಿಸಿ ಬದಿಯ ಗೋಡೆಯಿಂದ ಶುರುವಾಗಿ ಅರ್ಧ ಉದ್ದಕ್ಕೆ ಬರುವಂತೆ. ನಡುವೆ ಜಾಲರಿಯಿಲ್ಲ. ಮಿಕ್ಕ ಅರ್ಧ ನೆರಳು, ಯುವಿಗೂ ಇಳಿಜಾರು ಬೇಕು.

ಮೂಳೆ ಬಲಹೀನವಾಗಿದ್ದರಿಂದ ಎತ್ತರದ ಕೊಂಬೆಗಳನ್ನು ವೈದ್ಯರು ಬೇಡವೆಂದಿದ್ದರು. ಹಾಗಾಗಿ ಬಿಸಿಲು ಕಾಯುವ ಕಟ್ಟೆ ಕೇವಲ 15 ಸೆಂ.ಮೀ. ಎತ್ತರ. ಪೆಟ್ಟಿಗೆಯ 60ರಲ್ಲಿ ದೀಪದ ಚೌಕಟ್ಟು ಏಳು, ಕಟ್ಟೆ ಹದಿನೈದು, ಓತಿಯ ಮೈ ಮೂರು ಕಳೆದರೆ ಉಳಿಯುವುದು 35 ಸೆಂ.ಮೀ. ಮೀಟರ್ ಅಲ್ಲಿ 3.9 ತೋರಿಸಿತು. ಮೀಟರ್ ಇಲ್ಲದವರು ಟ್ಯೂಬ್ ತಯಾರಿಸಿದವರು ಕೊಡುವ ದೂರದ ಕೋಷ್ಟಕವನ್ನು ನಂಬಬಹುದು, ಆದರೆ ಆ ಕೋಷ್ಟಕ ಜಾಲರಿ ಸೇರಿಸಿ ಲೆಕ್ಕ ಹಾಕಿದ್ದೋ ಇಲ್ಲದೆಯೋ ಎಂದು ಮೊದಲು ನೋಡಬೇಕು. ಕಟ್ಟೆಗಿಂತ ತುಸು ಎತ್ತರದ ಒಂದೇ ಒಂದು ಕೊಂಬೆಯನ್ನು ಟ್ಯೂಬಿನ ವ್ಯಾಪ್ತಿಯ ಹೊರಗಿಟ್ಟರು. ಟ್ಯೂಬಿಗೆ ತೀರ ಹತ್ತಿರ ಹೋದರೆ ಯುವಿ ಕಣ್ಣಿಗೂ ಚರ್ಮಕ್ಕೂ ಪೆಟ್ಟು ಕೊಡುತ್ತದೆ.

ಶಾಖಕ್ಕೆ ಒಂದು ದೊಡ್ಡ ಬಲ್ಬಿನ ಬದಲು 50 ವ್ಯಾಟಿನ ಎರಡು ಹ್ಯಾಲೊಜೆನ್ ಫ್ಲಡ್ ಬಲ್ಬ್, ಹದಿನೈದು ಸೆಂ.ಮೀ. ಅಂತರದಲ್ಲಿ, ಟ್ಯೂಬಿನ ಪಕ್ಕದಲ್ಲೇ. ಕಿರಿದಾದ ಒಂದೇ ಕಿರಣದಡಿ ಓತಿಯ ಬೆನ್ನಿನ ನಡುಭಾಗ ಸುಡುತ್ತದೆ, ಭುಜ ಮತ್ತು ಸೊಂಟ ತಂಪಾಗಿಯೇ ಉಳಿಯುತ್ತವೆ. ಮೈ ಕಾದಿಲ್ಲವೆಂದು ಅದು ಅಲ್ಲೇ ಕೂತು ಇನ್ನಷ್ಟು ಸುಟ್ಟುಕೊಳ್ಳುತ್ತದೆ. ಹೋಲ್ಡರ್ ಸೆರಾಮಿಕ್‌ನದು, ಬಲ್ಬಿನ ಸುತ್ತ ತಂತಿಯ ಪಂಜರ. ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ. ಪಂಜರವಿಲ್ಲದ ಬಲ್ಬನ್ನು ಓತಿ ಒಂದಲ್ಲ ಒಂದು ದಿನ ಮುಟ್ಟುತ್ತದೆ.

ಕಟ್ಟೆಯ ಕಲ್ಲನ್ನು ಪೆಟ್ಟಿಗೆಯ ತಳಕ್ಕೇ ಊರಿದರು, ಹಾಸಿನ ಮೇಲಲ್ಲ. ಸಡಿಲವಾದ ಹಾಸಿನ ಮೇಲೆ ಕಲ್ಲಿಟ್ಟರೆ ಓತಿ ಅಡಿಯಲ್ಲಿ ಬಗೆದು ಕಲ್ಲಿನ ಕೆಳಗೆ ಸಿಕ್ಕಿಕೊಳ್ಳಬಹುದು. ನೆಲಕ್ಕೆ ಹೊಳಪಿಲ್ಲದ ಒರಟು ಟೈಲ್ಸ್. ಬಿಸಿ ಬದಿಗೊಂದು, ತಂಪು ಬದಿಗೊಂದು ಅಡಗುತಾಣ.

ಹೊಸ ಗೂಡಿನಲ್ಲಿ ಕೆಟ್ಟದ್ದು

ಎರಡು ಹ್ಯಾಲೊಜೆನ್‌ಗೂ ಡಿಮ್ಮಿಂಗ್ (ಬಲ್ಬಿನ ಪ್ರಖರತೆಯನ್ನು ತಾನೇ ಏರಿಳಿಸುವ) ಥರ್ಮೋಸ್ಟಾಟ್ ಹಾಕಿ, ಅದರ ತಂತಿಯ ತುದಿಯನ್ನು ಕಟ್ಟೆಯ ಕಲ್ಲಿನ ಮೇಲೇ ಅಂಟಿಸಿ 40ಕ್ಕೆ ನಿಲ್ಲಿಸಿದ್ದರು. ಮೊದಲ ದಿನ ಖಾಲಿ ಗೂಡಿನಲ್ಲಿ ಕಲ್ಲು ಕರಾರುವಾಕ್ಕಾಗಿ 40. ಓತಿಯನ್ನು ಬಿಟ್ಟ ಮೊದಲ ವಾರದಲ್ಲೇ ಒಂದು ದಿನ ಗನ್ ಹಿಡಿದಾಗ ಅದರ ಬೆನ್ನು 45 ದಾಟಿತ್ತು. ಥರ್ಮೋಸ್ಟಾಟಿನ ಪರದೆ ಮಾತ್ರ 35 ಎನ್ನುತ್ತಿತ್ತು.

ಓತಿ ತಂತಿಯ ತುದಿಯ ಮೇಲೆಯೇ ಮಲಗಿತ್ತು. ಮೈಯ ನೆರಳಿನಲ್ಲಿ ತುದಿ ತಣ್ಣಗಾಯಿತು, ಗೂಡು ತಂಪಾಗಿದೆ ಎಂದುಕೊಂಡ ಥರ್ಮೋಸ್ಟಾಟ್ ಬಲ್ಬುಗಳನ್ನು ಪೂರ್ತಿ ಉರಿಸಿತು. ಖಾಲಿ ಗೂಡಿನಲ್ಲಿ ಎಷ್ಟು ಪರೀಕ್ಷಿಸಿದರೂ ಕಾಣದ ದೋಷ ಇದು, ಸುಟ್ಟ ಗಾಯಗಳಿಗೆ ಸುಲಭದ ದಾರಿಯೂ ಹೌದು. ಗಾಯವಾಗುವ ಮುನ್ನ ಸಿಕ್ಕಿದ್ದು ಹೊಸ ಗೂಡಿನಲ್ಲಿ ಮೊದಲ ವಾರವಿಡೀ ದಿನಕ್ಕೆರಡು ಸಲ ಅಳೆಯಬೇಕೆಂದು ನಿಯಮ ಮಾಡಿಕೊಂಡಿದ್ದರಿಂದ.

ಪರಿಹಾರಕ್ಕೆ ಕೆಲಸವನ್ನು ಎರಡಾಗಿ ಒಡೆದರು. ಬಲ್ಬಿನ ಪ್ರಖರತೆಯನ್ನು ಕೈಯಿಂದ ತಿರುಗಿಸುವ ಡಿಮ್ಮರ್‌ನಿಂದ ಹೊಂದಿಸಿ, ಕಲ್ಲು 40 ಮತ್ತು ಬೆನ್ನಿನ ಮಟ್ಟದಲ್ಲಿಟ್ಟ ಮರದ ತುಂಡು 42 ತೋರಿಸುವಲ್ಲಿ ನಿಲ್ಲಿಸಿದರು. ಥರ್ಮೋಸ್ಟಾಟಿನ ತುದಿಯನ್ನು ಓತಿಗೆ ಎಟುಕದಂತೆ ಬಿಸಿ ಬದಿಯ ಗೋಡೆಗೆ ಬಿಗಿದರು. ಗೋಡೆಯ ಗಾಳಿ ಅಲ್ಲಿಯ ಮಾಮೂಲಿ ಮಟ್ಟಕ್ಕಿಂತ ನಾಲ್ಕು ಡಿಗ್ರಿ ಏರಿದರೆ ಬಲ್ಬ್ ತಗ್ಗಬೇಕು, ಅಷ್ಟೇ ಅದರ ಕೆಲಸ. ಹೊರಗಿನ ಹವೆ ಬದಲಾದಾಗ ಡಿಮ್ಮರ್ ಮತ್ತೆ ಹೊಂದಿಸಬೇಕಾಗುತ್ತದೆ. ಅದು ತೊಂದರೆಯೇ, ಆದರೆ ಓತಿಯ ಮೈಯಡಿ ಮುಚ್ಚಿಹೋಗುವ ತುದಿಯನ್ನು ನಂಬುವುದಕ್ಕಿಂತ ವಾಸಿ.

ಗನ್ ಬಳಸುವಾಗಲೂ ಒಂದು ಎಡವಟ್ಟು ನಡೆದಿತ್ತು. ಬಾಗಿಲು ತೆರೆಯದೆ ಗಾಜಿನ ಹೊರಗಿನಿಂದ ಅಳೆದಾಗ ಅದು ಗಾಜಿನ ಶಾಖವನ್ನೇ ಹೇಳುತ್ತಿತ್ತು. ದೂರ ಹೆಚ್ಚಾದಂತೆ ಗನ್ ನೋಡುವ ವೃತ್ತವೂ ದೊಡ್ಡದಾಗುತ್ತದೆ. 12:1 ಎಂದು ಬರೆದಿರುವ ಗನ್ 30 ಸೆಂ.ಮೀ. ದೂರದಿಂದ ಎರಡೂವರೆ ಸೆಂ.ಮೀ. ಅಗಲದ ಸರಾಸರಿ ಕೊಡುತ್ತದೆ. ಹೊಳೆಯುವ ಟೈಲ್ಸ್ ಮತ್ತು ಲೋಹದ ಮೇಲೆ ಅದರ ಲೆಕ್ಕ ತಪ್ಪುತ್ತದೆ.

ತೇವಾಂಶ 58 ಶೇಕಡಾಕ್ಕೆ ಏರಿದ್ದು ಚಿಕ್ಕ ವಿಷಯ. ಅಗಲವಾದ ನೀರಿನ ತಟ್ಟೆ ಬಲ್ಬಿನ ಸಮೀಪವಿತ್ತು. ಸಣ್ಣ ತಟ್ಟೆಯನ್ನು ತಂಪು ತುದಿಗೆ ಇಟ್ಟ ಮೇಲೆ 30ರಿಂದ 40ರ ನಡುವೆ ನಿಂತಿತು. ಕೋಣೆ ರಾತ್ರಿ 21 ಡಿಗ್ರಿ ಇರುತ್ತಿದ್ದುದರಿಂದ ರಾತ್ರಿ ಶಾಖವೇ ಬೇಕಾಗಲಿಲ್ಲ. 18ಕ್ಕಿಂತ ಕೆಳಗಿಳಿಯುವಂತಿದ್ದರೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಹಾಕಬೇಕು, ಥರ್ಮೋಸ್ಟಾಟ್ ಸಮೇತ.

ನಡೆದದ್ದು

ಹೊಸ ಗೂಡಿನ ಮೊದಲ ಮೂರು ದಿನ ಓತಿ ಬಹುಪಾಲು ಅಡಗುತಾಣದಲ್ಲೇ ಇತ್ತು. ಕೈಹಾಕಿ ಎತ್ತಿ ಬಲ್ಬಿನಡಿ ಕೂರಿಸಬೇಕೆಂದು ಮನೆಯವರಿಗೆ ಅನಿಸಿತ್ತು, ವೈದ್ಯರು ಬೇಡವೆಂದರು. ಅದು ಸ್ಥಳ ಪರಿಚಯ ಮಾಡಿಕೊಳ್ಳುವ ಕಾಲ. ನಾಲ್ಕನೆಯ ದಿನ ತಾನೇ ಬಂದು ಕಟ್ಟೆ ಏರಿತು, ಅಂದೇ ಮಲವಿಸರ್ಜನೆಯೂ ಆಯಿತು, ಅದರ ಜೊತೆ ಸಾಕಷ್ಟು ಮರಳು. ಬೆಳಿಗ್ಗೆ ಎರಡು ಗಂಟೆ ಕಾಯುವುದು, ಆಮೇಲೆ ತಂಪು ಬದಿ, ಮಧ್ಯಾಹ್ನ ಮತ್ತೆ ಕಟ್ಟೆ: ಹೀಗೆ ಓಡಾಟ ಶುರುವಾಯಿತು. ಗೂಡಿನ ಎರಡೂ ತುದಿಗಳನ್ನು ಓತಿ ಬಳಸುವುದೇ ಇಳಿಜಾರು ಸರಿಯಾಗಿದೆ ಎಂಬುದಕ್ಕೆ ಸಾಕ್ಷಿ.

ಎರಡನೆಯ ವಾರ ಹಸಿವು ಮರಳಿತು. ಊಟದ ಪದ್ಧತಿಯನ್ನೂ ದೀಪದ ಹೊತ್ತಿಗೆ ಹೊಂದಿಸಿದರು: ಮೈ ಕಾದ ಮೇಲೆ ಹುಳು, ದೀಪ ಆರುವ ಮುಂಚಿನ ಎರಡು ಗಂಟೆ ಏನೂ ಇಲ್ಲ. ಹುಳು ಓತಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ತಿನ್ನದೆ ಉಳಿದ ಕ್ರಿಕೆಟ್ ಹುಳುಗಳನ್ನು ಸಂಜೆಯೇ ತೆಗೆಯುತ್ತಿದ್ದರು, ರಾತ್ರಿ ಅವು ಮಲಗಿದ ಓತಿಯನ್ನು ಕಚ್ಚುತ್ತವೆ. ಬೆರಳಿನ ನಡುಕ ಮೂರನೆಯ ವಾರದ ಕೊನೆಗೆ ನಿಂತಿತು. ಮೂರು ತಿಂಗಳ ನಂತರದ ಎಕ್ಸ್-ರೇಯಲ್ಲಿ ಮೂಳೆಗಳ ಹೊರಪದರ ದಪ್ಪಗಾಗಿತ್ತು, ತೂಕ 265 ಗ್ರಾಂ. ಬಲ ಮುಂಗಾಲಿನ ಬಾಗು ಹಾಗೇ ಉಳಿದಿದೆ, ಅದು ನೇರವಾಗುವುದಿಲ್ಲ.

ಈ ಪ್ರಕರಣದಿಂದ ಕಲಿಯಬೇಕಾದದ್ದು

ಚೇತರಿಕೆಯಲ್ಲಿ ಔಷಧಿಯ ಪಾಲೆಷ್ಟು, ಗೂಡಿನ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು, ಎರಡೂ ಒಟ್ಟಿಗೇ ಶುರುವಾದವು. ಆದರೆ ಮೊದಲಿನ ತಪ್ಪುಗಳ ಸ್ವರೂಪ ಸ್ಪಷ್ಟ. ಒಂದೊಂದು ಬದಲಾವಣೆಗೂ ಕಾರಣವಿತ್ತು, ಒಂದಕ್ಕೂ ಅಳತೆ ಇರಲಿಲ್ಲ. ಶಾಖ ಹೆಚ್ಚಿಸಿದಾಗ ಓತಿ ಜಾಗ ಬಿಟ್ಟು ಓಡಿತು ಎಂಬ ಉತ್ತರ ಕೈಯಲ್ಲೇ ಇದ್ದರೂ ಅದನ್ನು ಯಾರೂ ಉತ್ತರವೆಂದು ಓದಲಿಲ್ಲ. ಮೊದಲ ಬಲ್ಬ್ ಬದಲಿಸುವ ಮುಂಚೆ ಗನ್ ಕೈಗೆ ಬಂದಿದ್ದರೆ ಆರೇಳು ವಾರಗಳಲ್ಲಿ ಹೆಚ್ಚಿನವು ಉಳಿಯುತ್ತಿದ್ದವು. ಕಿಟ್‌ಗಳಲ್ಲಿ ಅಂಟಿಸುವ ಥರ್ಮಾಮೀಟರ್ ಕೊಟ್ಟು ಗನ್ ಕೊಡದಿರುವುದು ದೊಡ್ಡ ಲೋಪವೆಂದೇ ಹೇಳಬೇಕು.

ಇನ್ನೊಂದು, ಟ್ಯೂಬಿನ ಆಯಸ್ಸು. ಕಣ್ಣಿಗೆ ಕಾಣುವ ಬೆಳಕು ಮಾಮೂಲಿನಂತೆಯೇ ಇರುವಾಗಲೂ ಯುವಿಬಿ ಕುಸಿಯುತ್ತಾ ಹೋಗುತ್ತದೆ. ಈ ಮನೆಯವರು ಮೂರು ತಿಂಗಳಿಗೊಮ್ಮೆ ಮೀಟರ್ ಎರವಲು ತರುತ್ತಾರೆ. ಕಟ್ಟೆಯ ಮೇಲೆ ಬೆನ್ನಿನ ಮಟ್ಟದಲ್ಲಿ 3ಕ್ಕಿಂತ ಕೆಳಗಿಳಿದರೆ ಹೊಸ ಟ್ಯೂಬ್ ಎಂಬುದು ಒಪ್ಪಂದ. ಮೀಟರ್ ಸಿಗದವರು ತಯಾರಿಸಿದವರು ಹೇಳಿದ ಅವಧಿಗೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಬದಲಿಸಬೇಕು. ಹೊಸ ಟ್ಯೂಬ್ ಹಾಕಿದ ದಿನ ಯುವಿ ಹಳೆಯದಕ್ಕಿಂತ ಹೆಚ್ಚಿರುತ್ತದೆ, ಅಂದೂ ಅಳೆಯಬೇಕು.

ನೆಲಕ್ಕೆ ಮಣ್ಣು ಮತ್ತು ಮರಳಿನ ಮಿಶ್ರಣ ಹಾಕಬೇಕೆಂಬ ಆಸೆ ಇನ್ನೂ ಇದೆ, ಓತಿಗೆ ಬಗೆಯುವುದು ಇಷ್ಟ. ಮುಂದಿನ ಎಕ್ಸ್-ರೇಯಲ್ಲಿ ಮೂಳೆ ಸರಿಯಿದ್ದು ಮಲವಿಸರ್ಜನೆ ನಿಯಮಿತವಾಗಿದ್ದರೆ ನೋಡೋಣ ಎಂದು ವೈದ್ಯರು ಹೇಳಿದ್ದಾರೆ. ಗೂಡು ದೊಡ್ಡದಾಗಿರುವಾಗ ಜೊತೆಗೆ ಇನ್ನೊಂದು ಓತಿ ಇಡಬಹುದೇ ಎಂದೂ ಕೇಳಿದ್ದರು. ಇಡಬಾರದು. ಗಂಡುಗಳು ಕಾದಾಡುತ್ತವೆ, ಗಂಡು ಹೆಣ್ಣಾದರೆ ಹೆಣ್ಣಿಗೆ ಬಿಡುವಿರದು, ಕಾದಾಡದಿದ್ದರೂ ಬಲವಾದದ್ದು ಕಟ್ಟೆಯನ್ನು ಹಿಡಿದುಕೊಳ್ಳುತ್ತದೆ. ಕೆಳಗೆ ಉಳಿದ ಓತಿಗೆ ಶಾಖವೂ ಇಲ್ಲ, ಯುವಿಯೂ ಇಲ್ಲ.